ಚಾನೆಲ್ಲಿನ ತೂಬು ಯಾರ ಕೈಯಲ್ಲಿದೆ?

ನಮ್ಮ ಹದಡಿಯಲ್ಲಿ ಚಾನೆಲ್ ಎಂದರೆ ಎರಡು. ಒಂದು, ಭದ್ರಾ ಅಣೆಕಟ್ಟಿನಿಂದ ನೀರು ತರುವ ನಾಲೆ. ಈ ಕಡೆಯ ರೈತರ ಬಾಯಲ್ಲಿ ಅದು ನಾಲೆಗಿಂತ ಹೆಚ್ಚಾಗಿ ಚಾನೆಲ್ಲೇ. ಇನ್ನೊಂದು, ಬೆಳಗಾಗುತ್ತಲೇ ಹೋಟೆಲಿನ ಗೋಡೆಯ ಮೇಲೆ ಕೂಗಲು ಶುರುಮಾಡುವ ಟೀವಿ. ಫಜರ್ ನಮಾಜು ಮುಗಿಸಿ ಚಹಾ ಕುಡಿಯಲು ನಾವು ಹೋಗುವ ಹೋಟೆಲಿನಲ್ಲಿ ಈ ಎರಡು ಚಾನೆಲ್ಲುಗಳು ದಿನವೂ ಎದುರುಬದುರಾಗುತ್ತವೆ. ಒಂದು ಮುಂಜಾನೆ ಹೀಗೇ ಕುಳಿತಿದ್ದೆವು. ಟೀವಿಯಲ್ಲಿ ರೇಷ್ಮೆ ಶಾಲು ಹೊದ್ದ ಗುರುಗಳೊಬ್ಬರು ಹನ್ನೆರಡು ರಾಶಿಗಳ ಫಲ ಹೇಳುತ್ತಿದ್ದರು. ಪಕ್ಕದಲ್ಲಿ ಕುಳಿತಿದ್ದ ಅಜ್ಜ, ಎರಡೆಕರೆ ಭತ್ತ ನಾಟಿ ಮಾಡಿ ನೀರಿಗೆ ಕಾಯುತ್ತಿದ್ದವರು, ಬಸಿಗೆ ಸುರಿದ ಚಹಾ ಹೀರುತ್ತಾ ನಮ್ಮ ಕಡೆ ತಿರುಗಿದರು.

"ನೋಡ್ರೀ ಸಾಬ್ರೆ, ಕುಂಭ ರಾಶಿಗೆ ಇವತ್ತು ನೀರಿಂದ ಲಾಭ ಐತಂತೆ. ಚಾನೆಲ್ಲಿಗೆ ನೀರು ಯಾವತ್ತು ಬಿಡ್ತಾರೆ ಅಂತ ಮಾತ್ರ ಯಾವನೂ ಹೇಳವಲ್ಲ."

ಹೋಟೆಲಿನವರೆಲ್ಲ ನಕ್ಕರು. ನಾವೂ ನಕ್ಕೆವು. ಆದರೆ ಮನೆಗೆ ನಡೆಯುವಾಗ ಆ ಮಾತು ಬಿಡಲಿಲ್ಲ. ಅಜ್ಜ ಕೇಳಿದ್ದು ತಮಾಷೆಯ ಪ್ರಶ್ನೆಯಲ್ಲ. ಬೆಳಗಿನ ಒಂದು ಗಂಟೆ, ಕೋಟ್ಯಂತರ ಕನ್ನಡಿಗರು ಹಲ್ಲುಜ್ಜಿ, ನಾಷ್ಟಾ ಮಾಡಿ, ಮಕ್ಕಳನ್ನು ಶಾಲೆಗೆ ಕಳಿಸುವ ಆ ಹೊತ್ತು, ಟೀವಿಯೊಳಗೆ ಏನು ಹರಿಯಬೇಕೆಂದು ತೀರ್ಮಾನಿಸುವವರು ಯಾರು? ತೂಬು ಯಾರ ಕೈಯಲ್ಲಿದೆ?

ಭದ್ರಾ ಚಾನೆಲ್ಲಿನ ಮಟ್ಟಿಗೆ ಇದಕ್ಕೆ ಉತ್ತರವುಂಟು. ನೀರಾವರಿ ಸಲಹಾ ಸಮಿತಿ ಸೇರುತ್ತದೆ, ಕಾಡಾ ಇದೆ, ಎಂಜಿನಿಯರುಗಳಿದ್ದಾರೆ. ಕೊನೆ ಭಾಗದ ರೈತರಿಗೆ ನೀರು ತಲುಪದಿದ್ದರೆ ದಾವಣಗೆರೆಯಲ್ಲಿ ರಸ್ತೆ ತಡೆಯುತ್ತಾರೆ, ಅಧಿಕಾರಿಯ ಮುಖಕ್ಕೆ ಮುಖ ಕೊಟ್ಟು ಜಗಳವಾಡುತ್ತಾರೆ. ಟೀವಿ ಚಾನೆಲ್ಲಿನ ಮಟ್ಟಿಗೆ ಅಂಥ ಯಾವ ಸಭೆಯೂ ಇಲ್ಲ. ರಾತ್ರಿ ನಾವು ಮಲಗಿದ್ದಾಗ ತೂಬಿನ ಬೀಗ ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿರುತ್ತದೆ. ಬೆಳಿಗ್ಗೆ ಎದ್ದಾಗ ನಮಗೆ ಕಾಣುವುದು ಹೊಸ ಲಾಂಛನ, ಹೊಸ ಬಣ್ಣ ಮಾತ್ರ.

ಹೇಗೆ ದಾಟಿತೆಂದು ಸ್ವಲ್ಪ ನೆನಪು ಮಾಡಿಕೊಳ್ಳೋಣ. ಕನ್ನಡದ ಮೊದಲ ಖಾಸಗಿ ಉಪಗ್ರಹ ಚಾನೆಲ್ ಉದಯ ಟೀವಿ ಶುರುವಾದದ್ದು 1994ರಲ್ಲಿ. ಅದರ ಯಜಮಾನರು ಚೆನ್ನೈನ ಸನ್ ಬಳಗದವರು. ಡಿಸೆಂಬರ್ 2000ದಲ್ಲಿ ಹೈದರಾಬಾದಿನ ರಾಮೋಜಿ ರಾಯರ ಈಟಿವಿ ಕನ್ನಡ ಬಂತು. 2006ರಲ್ಲಿ ಜೀ ಕನ್ನಡ ಮತ್ತು ಟಿವಿ9, 2007ರಲ್ಲಿ ಸುವರ್ಣ. ಯಜಮಾನರು ಹೊರಗಿನವರೆಂದು ದೂರುವುದು ನಮ್ಮ ಉದ್ದೇಶವಲ್ಲ. ಒಳಗಿನವರ ಕಥೆಯೂ ಮುಂದೆ ಬರುತ್ತದೆ.

ಈಟಿವಿಯನ್ನೇ ತೆಗೆದುಕೊಳ್ಳಿ. ಅದು ಧಾರಾವಾಹಿಯ ಜೊತೆಗೆ ಸುದ್ದಿಯನ್ನೂ ಕೊಡುತ್ತಿತ್ತು. ಬೆಂಗಳೂರಿನಲ್ಲೇ ಕೂರದೆ ಜಿಲ್ಲೆ ಜಿಲ್ಲೆಯಲ್ಲಿ ವರದಿಗಾರರನ್ನು ಇಟ್ಟಿತ್ತು. ಬೆಳಿಗ್ಗೆ 'ಅನ್ನದಾತ' ಎಂಬ ಕೃಷಿ ಕಾರ್ಯಕ್ರಮ ಬರುತ್ತಿತ್ತು. ನಮ್ಮೂರಿನಲ್ಲಿ ಅದನ್ನು ನೋಡಿ ಬೀಜೋಪಚಾರ ಕಲಿತವರಿದ್ದಾರೆ. ರಾಮೋಜಿ ರಾಯರು ಧರ್ಮಕ್ಕೆ ಚಾನೆಲ್ ನಡೆಸುತ್ತಿರಲಿಲ್ಲ. ಅವರೂ ವ್ಯಾಪಾರಿಗಳೇ. ಆದರೆ ಪತ್ರಿಕೆ ನಡೆಸಿ ಬಂದ ವ್ಯಾಪಾರಿಗೆ ಓದುಗ ಎಂಬ ಪ್ರಾಣಿಯ ಪರಿಚಯ ಇರುತ್ತದೆ. 2012ರ ಜನವರಿಯಲ್ಲಿ ನೆಟ್‌ವರ್ಕ್ 18 ಸಂಸ್ಥೆ ಈಟಿವಿ ಚಾನೆಲ್ಲುಗಳನ್ನು ಸುಮಾರು 2,100 ಕೋಟಿ ರೂಪಾಯಿಗೆ ಕೊಳ್ಳುವುದಾಗಿ ಪ್ರಕಟಿಸಿತು. ಅದರ ಹಿಂದೆ ಇದ್ದದ್ದು ರಿಲಯನ್ಸಿನ ಹಣ. ಕನ್ನಡದ ಮನರಂಜನಾ ಚಾನೆಲ್ಲಿನಲ್ಲಿ ಅರ್ಧ ಪಾಲು, ಉತ್ತರದ ಸುದ್ದಿ ಚಾನೆಲ್ಲುಗಳು ಮತ್ತು ಈಟಿವಿ ಉರ್ದು ಪೂರ್ತಿ. 2014ರಲ್ಲಿ ವ್ಯವಹಾರ ಮುಗಿಯಿತು. ಅದೇ ವರ್ಷ ರಿಲಯನ್ಸ್ ನೆಟ್‌ವರ್ಕ್ 18ನ್ನೇ ತನ್ನ ಹಿಡಿತಕ್ಕೆ ತೆಗೆದುಕೊಂಡಿತು. 2015ರಲ್ಲಿ ಈಟಿವಿ ಕನ್ನಡ ಎಂಬ ಹೆಸರು ಅಳಿದು ಕಲರ್ಸ್ ಕನ್ನಡ ಎಂದಾಯಿತು. ಆ ಪರದೆಯ ಮೇಲೆ ಸುದ್ದಿ ಉಳಿಯಲಿಲ್ಲ, ಅನ್ನದಾತನಿಗೆ ಜಾಗವಿರಲಿಲ್ಲ. ಸುದ್ದಿಗೆ ಬೇರೆ ಚಾನೆಲ್ ಮಾಡಿದ್ದೇವಲ್ಲ ಎಂದರು. ಅದು ಮುಂದೆ ನ್ಯೂಸ್ 18 ಕನ್ನಡವಾಯಿತು. ಒಂದೇ ಮನೆಯಲ್ಲಿ ಹಾಡು, ಅಳು, ಸುದ್ದಿ, ಬೇಸಾಯ ಒಟ್ಟಿಗೆ ಇದ್ದಾಗ ಧಾರಾವಾಹಿಗೆ ಬಂದ ಹೆಣ್ಣುಮಗಳ ಕಿವಿಗೂ ನಾಲ್ಕು ಮಾತು ಸುದ್ದಿ ಬೀಳುತ್ತಿತ್ತು. ಬೇರೆ ಮಾಡಿದ ಮೇಲೆ ಅತ್ತ ಬರೀ ಅಳು, ಇತ್ತ ಬರೀ ಕೂಗು.

ಸುವರ್ಣದ ಕಥೆ ಇನ್ನೂ ಸ್ವಾರಸ್ಯದ್ದು. ಶುರುವಾದ ಮರುವರ್ಷವೇ, 2008ರಲ್ಲಿ, ಮನರಂಜನೆಯ ಭಾಗ ಮರ್ಡಾಕ್ ಒಡೆತನದ ಸ್ಟಾರ್ ಕಡೆ ಹೋಯಿತು. ಸುದ್ದಿ ಚಾನೆಲ್ ರಾಜೀವ್ ಚಂದ್ರಶೇಖರ್ ಅವರ ಬಳಗದಲ್ಲೇ ಉಳಿಯಿತು. ಅವರು ಆಗಲೇ ರಾಜ್ಯಸಭೆಯ ಸದಸ್ಯರು, ಮುಂದೆ ಬಿಜೆಪಿ ಸೇರಿ ಕೇಂದ್ರದಲ್ಲಿ ಮಂತ್ರಿಯೂ ಆದರು. 2019ರಲ್ಲಿ ಮರ್ಡಾಕ್ ಕೈಯಿಂದ ಸ್ಟಾರ್ ಡಿಸ್ನಿಗೆ ದಾಟಿತು. 2024ರ ನವೆಂಬರಿನಲ್ಲಿ ಡಿಸ್ನಿಯ ಸ್ಟಾರ್ ಮತ್ತು ರಿಲಯನ್ಸಿನ ವಯಾಕಾಮ್ 18 ಒಂದಾಗಿ ಜಿಯೋಸ್ಟಾರ್ ಹುಟ್ಟಿತು. ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣ, ಸಂಜೆ ಹೊತ್ತು ಒಂದನ್ನೊಂದು ಸೋಲಿಸಲು ಹೆಣಗುತ್ತಿದ್ದ ಎರಡು ಚಾನೆಲ್ಲುಗಳು, ಈಗ ಒಂದೇ ಸೂರಿನ ಕೆಳಗೆ. ಒಂದೇ ಚಾನೆಲ್ ನೋಡುತ್ತ ಕುಳಿತ ನಮ್ಮ ಓಣಿಯ ಹೆಣ್ಣುಮಗಳು ಹದಿನೇಳು ವರ್ಷದಲ್ಲಿ ನಾಲ್ವರು ಯಜಮಾನರನ್ನು ಕಂಡಳು. ಒಬ್ಬರಾದರೂ ಅವಳಿಗೆ ಸಲಾಮು ಹೇಳಿ ಬಂದರೇ?

ಟಿವಿ9ನ್ನು 2018ರಲ್ಲಿ ಕೊಂಡವರು ಹೈದರಾಬಾದಿನ ಕಟ್ಟಡ ಉದ್ಯಮಿಗಳು ಮತ್ತು ಮೇಘಾ ಎಂಜಿನಿಯರಿಂಗಿನವರು. 2024ರಲ್ಲಿ ಚುನಾವಣಾ ಬಾಂಡುಗಳ ಪಟ್ಟಿ ಹೊರಬಿದ್ದಾಗ, ಅತಿ ಹೆಚ್ಚು ಬಾಂಡು ಕೊಂಡವರಲ್ಲಿ ಎರಡನೇ ಸ್ಥಾನದಲ್ಲಿದ್ದದ್ದು ಇದೇ ಮೇಘಾ, 966 ಕೋಟಿ ರೂಪಾಯಿ. ಸರ್ಕಾರದ ಗುತ್ತಿಗೆಯಿಂದ ಬದುಕುವ ಉದ್ಯಮಿಗೆ ಸರ್ಕಾರವನ್ನು ಪ್ರಶ್ನಿಸುವ ಸುದ್ದಿಮನೆ ಯಾಕೆ ಬೇಕು ಎಂದು ಕೇಳಿಕೊಂಡರೆ ಸಾಕು, ಉಳಿದದ್ದು ಓದುಗರಿಗೇ ಹೊಳೆಯುತ್ತದೆ. ಇತ್ತ ಉದಯ ನ್ಯೂಸ್ 2017ರಲ್ಲಿ ಮುಚ್ಚಿತು. ಕನ್ನಡಕ್ಕೆ ಮೊದಲು ಬಂದ ಬಳಗವೇ ಸುದ್ದಿ ಬೇಡವೆಂದು ಕೈತೊಳೆದುಕೊಂಡಿತು.

ಈಗ ಬೆಳಗಿಗೆ ಬರೋಣ. ಯಜಮಾನ ಬದಲಾದದ್ದು ಮೊದಲು ಗೊತ್ತಾಗುವುದು ರಾತ್ರಿ ಒಂಬತ್ತರ ಪರದೆಯಲ್ಲಲ್ಲ, ಬೆಳಿಗ್ಗೆ ಏಳರ ಪರದೆಯಲ್ಲಿ. ಯಾಕೆಂದರೆ ರಾತ್ರಿಯ ಹೊತ್ತಿಗೆ ಜಾಹೀರಾತಿನ ದರ ಹೆಚ್ಚು, ಬೆಳಗಿನ ಹೊತ್ತಿಗೆ ಕಡಿಮೆ. ಹೊಸ ಯಜಮಾನನ ಲೆಕ್ಕಿಗ ಖರ್ಚು ಕಡಿತ ಮಾಡಲು ಕುಳಿತರೆ ಮೊದಲು ಕತ್ತರಿ ಬೀಳುವುದು ಬೆಳಗಿಗೆ. ರೈತನ ಹೊಲಕ್ಕೆ ಕ್ಯಾಮರಾ ಕಳಿಸಲು ಖರ್ಚುಂಟು. ಜಿಲ್ಲೆಗೊಬ್ಬ ವರದಿಗಾರನಿಗೆ ಸಂಬಳ ಉಂಟು. ಜ್ಯೋತಿಷಿಯನ್ನು ಕೂರಿಸಲು ಒಂದು ಕುರ್ಚಿ, ಒಂದು ಪರದೆ, ಒಂದು ದೂರವಾಣಿ ಸಾಕು. ಎಷ್ಟೋ ಸಲ ಅದೂ ಬೇಡ. ಅರ್ಧ ಗಂಟೆಯ ಸ್ಲಾಟನ್ನೇ ಮಾರಿಬಿಡುತ್ತಾರೆ. ಹರಳು ಮಾರುವವರು, ಮಂಡಿನೋವಿನ ಎಣ್ಣೆ ಮಾರುವವರು ತಾವೇ ಕಾರ್ಯಕ್ರಮ ಮಾಡಿಕೊಂಡು ಬಂದು, ಮೇಲೆ ಹಣವನ್ನೂ ಕೊಟ್ಟು ಹೋಗುತ್ತಾರೆ. ಚಾನೆಲ್ಲಿಗೆ ಖರ್ಚಿಲ್ಲ, ಬರೀ ಆದಾಯ. ಹೀಗಾಗಿ ಚಾನೆಲ್ಲುಗಳ ಯಜಮಾನರು ಬದಲಾದರೂ ಬೆಳಗಿನ ಗುರುಗಳು ಬದಲಾಗಲಿಲ್ಲ. ಒಂದು ಚಾನೆಲ್ ಬಿಟ್ಟರೆ ಇನ್ನೊಂದರಲ್ಲಿ ಪ್ರತ್ಯಕ್ಷ. ಕರ್ನಾಟಕ ಸರ್ಕಾರ 2017ರಲ್ಲಿ ಮೌಢ್ಯ ನಿಷೇಧದ ಕಾನೂನು ತಂದಾಗಲೂ ಜ್ಯೋತಿಷ್ಯ, ವಾಸ್ತುಗಳನ್ನು ಮುಟ್ಟಲಿಲ್ಲ.

ನಮ್ಮವರು ಇದನ್ನು ಓದಿ ಒಳಗೊಳಗೇ ನಗಬೇಕಾಗಿಲ್ಲ. ಪರದೆಯ ಕೆಳಗೆ ಓಡುವ ಪಟ್ಟಿಯಲ್ಲಿ ರೂಹಾನಿ ಇಲಾಜಿನ ಬಾಬಾಗಳ ಮೊಬೈಲ್ ನಂಬರುಗಳೂ ಇರುತ್ತವೆ. ಗಂಡ-ಹೆಂಡಿರ ಜಗಳ, ವ್ಯಾಪಾರದ ನಷ್ಟ, ವೀಸಾ ತೊಂದರೆಗೆ 24 ಗಂಟೆಯಲ್ಲಿ ಪರಿಹಾರ ಎನ್ನುವವರಿಗೆ ದುಡ್ಡು ಕೊಟ್ಟು ಬಂದ ನಮ್ಮದೇ ಮೊಹಲ್ಲಾದ ತಾಯಂದಿರನ್ನು ನಾವು ಬಲ್ಲೆವು. ಮೌಢ್ಯಕ್ಕೆ ಟೊಪ್ಪಿ ಹಾಕಿದರೂ ಶಾಲು ಹೊದಿಸಿದರೂ ಅಂಗಡಿ ಒಂದೇ.

ಇದು ನಮ್ಮ ದೇಶದ ರೋಗ ಮಾತ್ರ ಎಂದುಕೊಳ್ಳಬೇಡಿ. ಇಂಗ್ಲೆಂಡಿನಲ್ಲಿ 1983ರ ಫೆಬ್ರವರಿ 1ರಂದು ಟಿವಿ-ಎಎಂ ಎಂಬ ಬೆಳಗಿನ ಚಾನೆಲ್ ಶುರುವಾಯಿತು. ಹೆಸರಾಂತ ಪತ್ರಕರ್ತರು ಸೇರಿ, ಸುದ್ದಿಯನ್ನು ಜನರಿಗೆ ಬಿಡಿಸಿ ಹೇಳುವುದೇ ತಮ್ಮ ಗುರಿ ಎಂದು ಹೊರಟಿದ್ದರು. ನೋಡುವವರು ಕಡಿಮೆಯಾದರು, ಹಣ ಹಾಕಿದವರು ಗಾಬರಿಯಾದರು, ಎರಡೇ ತಿಂಗಳೊಳಗೆ ಮುಖ್ಯಸ್ಥ ಪೀಟರ್ ಜೇ ಮನೆಗೆ ಹೋದರು. ಚಾನೆಲ್ಲನ್ನು ಉಳಿಸಿದ್ದು ರೋಲಂಡ್ ರ‍್ಯಾಟ್ ಎಂಬ ಇಲಿಯ ಗೊಂಬೆ! ಮುಂದೆ ಅಲ್ಲಿನ ತಂತ್ರಜ್ಞರು ಮುಷ್ಕರಕ್ಕಿಳಿದಾಗ ಆಡಳಿತ ಅವರನ್ನೆಲ್ಲ ಹೊರಹಾಕಿ, ಹಳೆಯ ಬ್ಯಾಟ್‌ಮ್ಯಾನ್ ಕಂತುಗಳನ್ನು ಹಾಕಿ ಬೆಳಗನ್ನು ತಳ್ಳಿತು. ಆಗಿನ ಪ್ರಧಾನಿ ಥ್ಯಾಚರ್ ಅವರಿಗೆ ಇದು ಮೆಚ್ಚುಗೆಯಾಯಿತು. ಆದರೆ ಅದೇ ಥ್ಯಾಚರ್ ಸರ್ಕಾರ ತಂದ 1990ರ ಕಾನೂನಿನಂತೆ ಪರವಾನಗಿ ಹರಾಜಿಗೆ ಬಂದಾಗ ಟಿವಿ-ಎಎಂ ಕೂಗಿದ್ದು 1.4 ಕೋಟಿ ಪೌಂಡ್, ಎದುರಾಳಿ ಕೂಗಿದ್ದು 3.4 ಕೋಟಿಗೂ ಹೆಚ್ಚು. ಬೆಳಗು ಕೈಬದಲಾಯಿತು. ಗೆದ್ದವರು ಅಷ್ಟು ಹಣ ವಾಪಸು ತೆಗೆಯಬೇಕಲ್ಲ, ಎಲ್ಲಿಂದ ತೆಗೆದಾರು? ದಾವಣಗೆರೆಯ ಎಪಿಎಂಸಿಯಲ್ಲಿ ಹೆಚ್ಚಿಗೆ ಕೂಗಿ ಮಾಲು ಹಿಡಿದ ದಲಾಲಿ ಯಾರ ಮೇಲೆ ಹೊರೆ ಹಾಕುತ್ತಾನೋ ಅವರ ಮೇಲೆಯೇ.

ಇಷ್ಟೇ ಆಗಿದ್ದರೆ, ಅಂದರೆ ಬೆಳಗಿನ ಪರದೆ ಸೋಮಾರಿಯಾಗಿದೆ, ದುಡ್ಡಾಸೆಯದಾಗಿದೆ ಎನ್ನುವಷ್ಟೇ ಆಗಿದ್ದರೆ, ನಾವು ಪೆನ್ನು ಹಿಡಿಯುತ್ತಿರಲಿಲ್ಲ. ಟೀವಿ ಬಂದ್ ಮಾಡಿ ಚಹಾ ಕುಡಿಯುತ್ತಿದ್ದೆವು. ಆದರೆ 2020ರ ಏಪ್ರಿಲ್ ಬೆಳಗುಗಳನ್ನು ನಾವು ಮರೆಯಲಾರೆವು. ಲಾಕ್‌ಡೌನ್. ದಿಲ್ಲಿಯ ತಬ್ಲೀಗ್ ಜಮಾತಿನ ಸಭೆಯ ಸುದ್ದಿ. ಎದ್ದ ಕೂಡಲೇ ಟೀವಿ ಹಾಕಿದರೆ, ಸೋಂಕಿಗೆ ಒಂದು ಧರ್ಮವನ್ನೇ ಹೆಸರಾಗಿ ಇಟ್ಟುಬಿಟ್ಟಿದ್ದರು. ನಮ್ಮ ಓಣಿಯ ಹುಡುಗನೊಬ್ಬ ತಳ್ಳುಗಾಡಿಯಲ್ಲಿ ತರಕಾರಿ ಮಾರಿ ತಂದೆ-ತಾಯಿಯನ್ನು ಸಾಕುತ್ತಿದ್ದ. ಪಕ್ಕದೂರಿನಲ್ಲಿ ಅವನಿಂದ ದಿನಾ ಸೊಪ್ಪು ಕೊಳ್ಳುತ್ತಿದ್ದ ತಾಯಿಯೊಬ್ಬರು ಅಂದು ಬಾಗಿಲು ಪೂರ್ತಿ ತೆರೆಯದೆ, "ತಪ್ಪು ತಿಳ್ಕಾಬೇಡಪ್ಪ, ಟೀವಿಯಾಗ ಹಂಗೆ ಹೇಳ್ತಾರಲ್ಲ" ಎಂದರಂತೆ. ಆ ತಾಯಿ ಕೆಟ್ಟವರಲ್ಲ. ಅವನ ಅಕ್ಕನ ಮದುವೆಗೆ ಸೀರೆ ಕೊಟ್ಟವರು. ಅವರ ಮನಸ್ಸಿನೊಳಗೆ ಆ ಮಾತನ್ನು ನಾಷ್ಟಾದ ಹೊತ್ತಿಗೆ ಬಡಿಸಿದವರು ಯಾರು? ಅವನು ಗಾಡಿ ತುಂಬ ಬಾಡಿದ ಸೊಪ್ಪು ತಳ್ಳಿಕೊಂಡು ವಾಪಸು ಬಂದು ಮಸೀದಿಯ ಕಟ್ಟೆಯ ಮೇಲೆ ಕುಳಿತದ್ದು ನಮ್ಮ ಕಣ್ಣಲ್ಲಿ ಹಾಗೇ ಇದೆ.

ಬೆಂಗಳೂರಿನ ಕೆಲವು ಪ್ರಜ್ಞಾವಂತರು ಆ ದಿನಗಳ ಪ್ರಸಾರವನ್ನು ಗಂಟು ಕಟ್ಟಿ ಸುದ್ದಿ ಪ್ರಸಾರಕರ ಮಾನದಂಡ ಪ್ರಾಧಿಕಾರಕ್ಕೆ ದೂರು ಕೊಟ್ಟರು. 2021ರ ಜೂನಿನಲ್ಲಿ ತೀರ್ಪು ಬಂತು. ನ್ಯೂಸ್ 18 ಕನ್ನಡಕ್ಕೆ ಒಂದು ಲಕ್ಷ ರೂಪಾಯಿ ದಂಡ, ಸುವರ್ಣ ನ್ಯೂಸ್‌ಗೆ 50 ಸಾವಿರ. ಒಂದು ವರ್ಷ ಎರಡು ತಿಂಗಳ ಮೇಲೆ! ಸಾವಿರಾರು ಕೋಟಿಗೆ ಕೈಬದಲಾಗುವ ವ್ಯಾಪಾರದಲ್ಲಿ ಒಂದು ಲಕ್ಷವೆಂದರೆ ಎಷ್ಟು? ಹೆಸರು ಕೆಡಿಸಿಕೊಂಡ ತರಕಾರಿ ಹುಡುಗನಿಗೆ ಅದರಲ್ಲಿ ಒಂದು ಪೈಸೆಯೂ ಬರಲಿಲ್ಲ, ಬರುವ ದಾರಿಯೂ ಇರಲಿಲ್ಲ. ಆದರೂ ಆ ದೂರು ಕೊಟ್ಟವರಿಗೆ ನಾವು ಋಣಿಗಳು. ಸುಳ್ಳನ್ನು ಸುಳ್ಳೆಂದು ಒಂದು ಕಾಗದದ ಮೇಲೆ ಬರೆಸಿಟ್ಟರು.

ಇಲ್ಲೊಂದು ಮಾತು ಗಮನಿಸಿ. ದಂಡ ಬಿದ್ದ ಎರಡು ಚಾನೆಲ್ಲುಗಳ ಯಜಮಾನರು ಬೇರೆ ಬೇರೆ. ಹಾಗಿದ್ದರೆ ಒಡೆತನ ಕಾರಣವಲ್ಲ ಎಂದು ವಾದಿಸಬಹುದು. ಟಿಆರ್‌ಪಿಯ ಹಸಿವು ಎಲ್ಲರಿಗೂ ಇತ್ತು ನಿಜ. ಆದರೆ ಯಜಮಾನ ದೂರವಾದಷ್ಟೂ, ದೊಡ್ಡವನಾದಷ್ಟೂ, ಅಧಿಕಾರಕ್ಕೆ ಹತ್ತಿರವಾದಷ್ಟೂ ಸುದ್ದಿಮನೆಯೊಳಗೆ 'ಇದು ತಪ್ಪು' ಎನ್ನುವ ಸಂಪಾದಕನ ಬೆನ್ನು ಬಾಗುತ್ತದೆ. ಎನ್‌ಡಿಟಿವಿ 2022ರಲ್ಲಿ ಅದಾನಿ ಬಳಗದ ಕೈಗೆ ಹೋದಾಗ ರವೀಶ್ ಕುಮಾರ್ ರಾಜೀನಾಮೆ ಕೊಟ್ಟು ನಡೆದರು. ಅವರಿಗೆ ಹೆಸರಿತ್ತು, ಯೂಟ್ಯೂಬ್ ಕೈ ಹಿಡಿಯಿತು. ದಾವಣಗೆರೆಯಲ್ಲೋ ಹರಿಹರದಲ್ಲೋ ಸುದ್ದಿಗಿಷ್ಟು ಎಂದು ಎಣಿಸಿ ಕೊಡುವ ದುಡ್ಡಿಗೆ ದುಡಿಯುವ ಬಡ ವರದಿಗಾರ ರಾಜೀನಾಮೆ ಕೊಟ್ಟು ಎಲ್ಲಿಗೆ ಹೋಗಬೇಕು?

ನಮ್ಮ ಉರ್ದುವಿನ ಗತಿಯನ್ನೂ ಇಲ್ಲೇ ಹೇಳಿಬಿಡುತ್ತೇವೆ. 2001ರಲ್ಲಿ ಈಟಿವಿ ಉರ್ದು ಬಂದಾಗ ನಮ್ಮ ಅಬ್ಬಾ, ಉರ್ದು ಶಾಲೆಯಲ್ಲಿ ಓದಿದವರು, ಮುಷಾಯಿರಾ ನೋಡಲು ಓಣಿಯವರನ್ನೆಲ್ಲ ಮನೆಗೆ ಕರೆಯುತ್ತಿದ್ದರು. ಅಮ್ಮಿ ಎಲ್ಲರಿಗೂ ಚಹಾ ಮಾಡಿ ಸಾಕಾಗಿ ಗೊಣಗುತ್ತಿದ್ದರು. ಗಾಲಿಬನ ಭಾಷೆಗೆ ಹೈದರಾಬಾದಿನ ಒಬ್ಬ ತೆಲುಗು ವ್ಯಾಪಾರಿ ಮನೆ ಕಟ್ಟಿಕೊಟ್ಟಿದ್ದ. ಆ ಮನೆಯೂ ಇದೇ 2,100 ಕೋಟಿಯ ಗಂಟಿನೊಳಗೆ ಸೇರಿ ಮಾರಾಟವಾಯಿತು, ಮುಂದೆ ನ್ಯೂಸ್ 18 ಉರ್ದು ಎಂದಾಯಿತು. ಉರ್ದು ಮನೆಮಾತಿನ ಎಷ್ಟು ಜನರನ್ನು ಕೇಳಿ ಈ ಮಾರಾಟ ನಡೆಯಿತು? ಅನ್ನದಾತವನ್ನು ತೆಗೆಯುವಾಗ ಎಷ್ಟು ಜನ ಕನ್ನಡ ರೈತರನ್ನು ಕೇಳಿದರೋ ಅಷ್ಟೇ ಜನರನ್ನು. ಸೋತದ್ದರಲ್ಲಿ ಕನ್ನಡ, ಉರ್ದು ಅಣ್ಣತಮ್ಮಂದಿರು.

ಇಷ್ಟು ಹೇಳಿದರೆ ಮಸೀದಿಯ ಜಗಲಿಯಲ್ಲಿ ಕುಳಿತ ಗೆಳೆಯರು ಹೇಳುವುದು ಒಂದೇ ಮಾತು: "ನಮ್ಮವರದ್ದೇ ಒಂದು ಚಾನೆಲ್ ಆಗಬೇಕು ಭಾಯ್." ನಾವು ಇದನ್ನು ಒಪ್ಪುವುದಿಲ್ಲ. ಜೆಡಿಎಸ್ ನಾಯಕರ ಮನೆಯಿಂದ ಕಸ್ತೂರಿ ಬಂತು. ಬಳ್ಳಾರಿಯ ಗಣಿ ರಾಜಕಾರಣದ ನಂಟಿನಿಂದ ಜನಶ್ರೀ ಬಂತು. ಅವೂ 'ನಮ್ಮವರ' ಚಾನೆಲ್ಲುಗಳೇ, ಕನ್ನಡದ ಮಣ್ಣಿನವರದ್ದೇ. ಯಜಮಾನನ ಸುದ್ದಿ ಬಂದಾಗ ನಮ್ಮವರ ಚಾನೆಲ್ಲೂ ಯಜಮಾನನ ಚಾನೆಲ್ಲೇ. ನಾಳೆ ನಮ್ಮ ಶ್ರೀಮಂತ ಹಾಜಿ ಸಾಹೇಬರೊಬ್ಬರು ಚಾನೆಲ್ ತೆಗೆದರೆ, ವಕ್ಫ್ ಜಮೀನು ನುಂಗಿದ ನಮ್ಮವರ ಬಗ್ಗೆ ಅದರಲ್ಲಿ ಸುದ್ದಿ ಬಂದೀತೇ? ನಮಗೆ ಬೇಕಾದದ್ದು ನಮ್ಮವನ ಕೈಯಲ್ಲಿರುವ ತೂಬಲ್ಲ, ಎಲ್ಲರ ಕಣ್ಣೆದುರಿಗೆ ಇರುವ ತೂಬು.

ಇನ್ನು ಕೆಲವರು, "ರಿಮೋಟ್ ನಿಮ್ಮ ಕೈಲಿದೆಯಲ್ಲ, ಬದಲಿಸಿ" ಎನ್ನುತ್ತಾರೆ. ಬದಲಿಸಿ ನೋಡಿ. ಏಳು ಗಂಟೆಗೆ ಹತ್ತು ಚಾನೆಲ್ ತಿರುವಿದರೂ ಅದೇ ಹನ್ನೆರಡು ರಾಶಿ. "ಈಗ ಟೀವಿ ಯಾರು ನೋಡುತ್ತಾರೆ, ಎಲ್ಲ ಮೊಬೈಲು" ಎನ್ನುವವರೂ ಇದ್ದಾರೆ. ಮೊಬೈಲಿನ ಜಾಲ ಯಾರದು? ಜಿಯೋ. ಹಾಥ್‌ವೇ, ಡೆನ್ ಎಂಬ ದೇಶದ ಎರಡು ದೊಡ್ಡ ಕೇಬಲ್ ಕಂಪನಿಗಳನ್ನು 2018ರಲ್ಲಿ ಕೊಂಡವರು ಯಾರು? ರಿಲಯನ್ಸ್. ಹಿಂದೆ ನಮ್ಮ ಭಾಗದಲ್ಲಿ ಕೇಬಲ್ ಹುಡುಗರು ತಾವೇ ಒಂದು ಲೋಕಲ್ ಚಾನೆಲ್ ನಡೆಸಿ ಸಂತೆಯ ದರ, ಕರೆಂಟು ಹೋಗುವ ಹೊತ್ತು, ಉರುಸು, ಜಾತ್ರೆ ಎಲ್ಲ ತೋರಿಸುತ್ತಿದ್ದರು. ಸೆಟ್ ಟಾಪ್ ಬಾಕ್ಸ್ ಕಡ್ಡಾಯವಾಗಿ 2017ರ ಹೊತ್ತಿಗೆ ಹಳ್ಳಿಗೂ ಬಂದ ಮೇಲೆ ಆ ಸಣ್ಣವರು ದೊಡ್ಡವರ ವಸೂಲಿ ಹುಡುಗರಾದರು. ನೀರು, ಕಾಲುವೆ, ತೂಬು ಮೂರೂ ಒಬ್ಬನದೇ ಆದರೆ ಕೊನೆ ಭಾಗದವನು ಎಲ್ಲಿಗೆ ಹೋಗಿ ಕೇಳಬೇಕು?

ಹಾಗಾದರೆ ದೂರದರ್ಶನ? ಅಲ್ಲಿ ಯಜಮಾನ ಮಾರಾಟವಾಗುವುದಿಲ್ಲ, ಆದರೆ ಐದು ವರ್ಷಕ್ಕೊಮ್ಮೆ ಬದಲಾಗಬಹುದು. ಪ್ರಸಾರ ಭಾರತಿಗೆ 1990ರ ಕಾನೂನು ಸ್ವಾಯತ್ತತೆ ಕೊಟ್ಟಿತು, ಜಾರಿಗೆ ಬರಲು 1997 ಆಯಿತು, ನಿಜವಾಗಿ ಬರಲು ಇನ್ನೂ ಕಾಯುತ್ತಿದ್ದೇವೆ. 2024ರಲ್ಲಿ ಚುನಾವಣೆಯ ನಡುವೆಯೇ ಡಿಡಿ ನ್ಯೂಸಿನ ಲಾಂಛನ ಕೇಸರಿಯಾದದ್ದನ್ನು ಎಲ್ಲರೂ ನೋಡಿದರು. ಆದರೂ ಹೇಳಲೇಬೇಕು, ಬೆಳಿಗ್ಗೆ ವೈದ್ಯರನ್ನೋ ರಂಗಕರ್ಮಿಯನ್ನೋ ಕೂರಿಸಿ ಗದ್ದಲವಿಲ್ಲದೆ ಮಾತಾಡಿಸಿದ ಪರದೆ ಚಂದನವೇ. ಕೃಷಿಗೆ ಇನ್ನೂ ಜಾಗ ಕೊಟ್ಟಿರುವುದೂ ಅದೇ, ಆಕಾಶವಾಣಿಯೇ. ಸಾರ್ವಜನಿಕರ ದುಡ್ಡಿನಿಂದ ನಡೆಯುವುದು ಸಾರ್ವಜನಿಕರದ್ದೂ ಆಗಬಲ್ಲದು ಎಂಬುದಕ್ಕೆ ಇಷ್ಟು ಸಾಕ್ಷಿ ಸಾಕು. ಅದನ್ನು ಬೈದು ಬಿಟ್ಟುಬಿಡುವ ಬದಲು ನಮ್ಮದೆಂದು ಕೇಳಬೇಕಾಗಿದೆ.

ಕೇಳುವುದಕ್ಕೆ ಹೊಸದೇನನ್ನೂ ಹುಡುಕಬೇಕಾಗಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2014ರ ಆಗಸ್ಟಿನಲ್ಲೇ ಮಾಧ್ಯಮ ಒಡೆತನದ ಬಗ್ಗೆ ಶಿಫಾರಸು ಕೊಟ್ಟಿದೆ. ರಾಜಕೀಯ ಪಕ್ಷಗಳು, ಧಾರ್ಮಿಕ ಸಂಸ್ಥೆಗಳು, ಸರ್ಕಾರಗಳು ಮತ್ತು ಅವರ ಬೇನಾಮಿಗಳು ಪ್ರಸಾರಕ್ಕೆ ಇಳಿಯಬಾರದು, ಒಬ್ಬನೇ ಪತ್ರಿಕೆ-ಟೀವಿ ಎರಡನ್ನೂ ಹಿಡಿದು ಕೂರುವುದಕ್ಕೆ ಮಿತಿ ಇರಬೇಕು ಎಂಬುದು ಅದರ ಸಾರ. ಇಂದಿಗೂ ಅದು ಕಾನೂನಾಗಿಲ್ಲ. ಯಾವ ಪಕ್ಷಕ್ಕೂ ಅವಸರವಿಲ್ಲ. ಇರುವುದಾದರೂ ಹೇಗೆ?

ನಾವು ಕೇಳುವುದು ಇನ್ನೂ ಸಣ್ಣದು. ಸಿಗರೇಟಿನ ಪ್ಯಾಕಿನ ಮೇಲೆ ಎಚ್ಚರಿಕೆ ಇದೆ, ಬಿಸ್ಕತ್ತಿನ ಪೊಟ್ಟಣದ ಮೇಲೆ ತಯಾರಿಸಿದವರ ಹೆಸರಿದೆ. ಪ್ರತಿ ಚಾನೆಲ್ಲೂ ದಿನಕ್ಕೊಮ್ಮೆ, ಬೆಳಗಿನ ಸುದ್ದಿಗೆ ಮುಂಚೆ, ಕನ್ನಡದಲ್ಲಿ ಒಂದು ಸಾಲು ಹೇಳಲಿ: ಈ ಚಾನೆಲ್ಲಿನ ಒಡೆಯರು ಇಂಥವರು, ಅವರಿಗೆ ಇಂಥಿಂಥ ವ್ಯಾಪಾರಗಳಿವೆ. ಮುಂದಿನ ಅರ್ಧ ಗಂಟೆ ಮಾರಾಟವಾಗಿದ್ದರೆ ಅದನ್ನೂ ಹೇಳಲಿ. ಕೇಳುವವನಿಗೆ ತಾನು ಯಾರ ಮಾತು ಕೇಳುತ್ತಿದ್ದೇನೆಂದು ಗೊತ್ತಿರಲಿ. ಚಾನೆಲ್ ಮಾರುವ ಮುಂಚೆ, ಅಣೆಕಟ್ಟಿನ ನೀರಿಗೆ ಸಭೆ ಸೇರುವಂತೆ, ಆ ಭಾಷೆಯ ಜನರ ಅಹವಾಲು ಕೇಳುವ ಒಂದು ಸಭೆ ನಡೆಯಲಿ. ಸಿಟ್ಟಾದವರು ಬಂದು ಬೈಯಲಿ.

ಮತ್ತು ನಾವು, ನೋಡುವವರು. ಕೇಬಲ್ಲಿಗೆ ತಿಂಗಳಿಗೆ ನೂರೈವತ್ತಕ್ಕೂ ಹೆಚ್ಚು ಕೊಡುವ ನಾವು ದಾವಣಗೆರೆಯ ಒಂದು ಪತ್ರಿಕೆಗೆ, ಒಂದು ಸಣ್ಣ ಮಾಸಿಕಕ್ಕೆ ಚಂದಾ ಕೊಡಲು ನೂರು ಸಲ ಯೋಚಿಸುತ್ತೇವೆ. ಸುದ್ದಿಗೆ ನಾವು ದುಡ್ಡು ಕೊಡದಿದ್ದರೆ ಬೇರೆ ಯಾರೋ ಕೊಡುತ್ತಾರೆ, ದುಡ್ಡು ಕೊಟ್ಟವನ ರಾಶಿಫಲವನ್ನೇ ಅದು ಓದುತ್ತದೆ.

ಆ ಅಜ್ಜನ ಗದ್ದೆಗೆ ನೀರು ಬಂತೇ ಎಂದು ಓದುಗರು ಕೇಳಬಹುದು. ಬಂತು. ತಡವಾಗಿ ಬಂತು. ಟೀವಿ ನೋಡಿ ಗೊತ್ತಾದದ್ದಲ್ಲ. ತರಕಾರಿ ಗಾಡಿಯ ಆ ಹುಡುಗನೇ ಬೆಳಿಗ್ಗೆ ಮಾರ್ಕೆಟ್ಟಿನಿಂದ ಬರುವಾಗ ಚಾನೆಲ್ ಏರಿಯ ಮೇಲೆ ನೀರು ಕಂಡು, ಹೋಟೆಲಿನ ಮುಂದೆ ಗಾಡಿ ನಿಲ್ಲಿಸಿ ಕೂಗಿ ಹೇಳಿದ: "ಅಜ್ಜಾ, ನೀರು ಬಂತು ನೋಡು." ಅಜ್ಜ ಅರ್ಧ ಚಹಾ ಬಿಟ್ಟು ಎದ್ದರು. ಗೋಡೆಯ ಮೇಲಿನ ಗುರುಗಳು ಮೀನ ರಾಶಿಗೆ ಬಂದಿದ್ದರು. ಯಾರೂ ಅತ್ತ ನೋಡಲಿಲ್ಲ.